ಲಕೋಟೆ ಒಡೆಯುವ ಅಧಿಕಾರ

ನಮ್ಮ ಸಂಘದ ಹಳಬರ ಮನೆಗಳಲ್ಲಿ ಮಂಚದ ಕೆಳಗೆ ಒಂದು ಹಳೆಯ ಸೂಟ್‌ಕೇಸು ಇದ್ದೇ ಇರುತ್ತದೆ. ಅದರ ತುಂಬ ಊರಿನ ಕಾಗದಗಳು. ನಮ್ಮಲ್ಲಿಯೂ ಒಂದಿದೆ. ಈಚೆಗೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಅದನ್ನು ತೆರೆದಾಗ ನೀಲಿ ಏರೋಗ್ರಾಮುಗಳ ನಡುವೆ ಒಂದು ಬಿಳಿ ಲಕೋಟೆ ಕೈಗೆ ಸಿಕ್ಕಿತು. ಅದರ ಒಂದು ಅಂಚನ್ನು ಯಾರೋ ನೀಟಾಗಿ ಕತ್ತರಿಸಿ, ಮತ್ತೆ ಅಂಟುಕಾಗದ ಹಚ್ಚಿ ಮುಚ್ಚಿದ್ದಾರೆ. ಅದು ನಮ್ಮ ಕೈಸೇರಿದ್ದೇ ಹಾಗೆ. ಒಳಗಿದ್ದದ್ದು ಅಡಿಕೆಯ ಧಾರಣೆ, ತಂಗಿಗೆ ಬಂದ ಸಂಬಂಧದ ಮಾತು, ಅಮ್ಮನ ಮಂಡಿನೋವು. ಅಂದು ನಮಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೊತೆಯಲ್ಲಿದ್ದ ಗೆಳೆಯರು ಮಾತ್ರ ನಕ್ಕು, "ಲಕೋಟೆಯಲ್ಲಿ ನೋಟು ಮಡಚಿ ಇಟ್ಟು ಕಳಿಸುವವರಿದ್ದಾರೆ, ಚಿನ್ನದ ವ್ಯವಹಾರ ಬರೆಯುವವರಿದ್ದಾರೆ, ನೋಡದೆ ಬಿಟ್ಟರೆ ಪೋಲೀಸರು ಕಳ್ಳನನ್ನು ಹಿಡಿಯುವುದು ಹೇಗೆ ಮಾರಾಯರೆ?" ಎಂದರು. ಅವರ ಮಾತೂ ಸುಳ್ಳಲ್ಲ. ನಮ್ಮ ಸಿಟ್ಟೂ ಸುಳ್ಳಲ್ಲ.

ಲಕೋಟೆಯ ಜಾಗಕ್ಕೆ ಈಗ ಮೊಬೈಲ್ ಫೋನು ಬಂದಿದೆ, ಜಗಳ ಹಳೆಯದೇ. ಅದರ ಚರಿತ್ರೆಯನ್ನು ಒಂದಿಷ್ಟು ಕೆದಕಿ ನೋಡೋಣವೆಂದು ಹೊರಟೆವು. ಸ್ವಾರಸ್ಯವೆಂದರೆ, ಆ ಚರಿತ್ರೆಯ ಒಂದು ಎಳೆ ನಾವು ದಿನಾ ಓಡಾಡುವ ಮನಾಮದಲ್ಲಿಯೇ ಸಿಗುತ್ತದೆ.

ಮನಾಮದಲ್ಲಿ ಮೊದಲ ಅಂಚೆ ಕಚೇರಿ ತೆರೆದದ್ದು 1884ರಲ್ಲಿ. ಅದನ್ನು ತೆರೆದದ್ದು ಭಾರತದ ಅಂಚೆ ಇಲಾಖೆ. ಆಚೆ ದಡದ ಬುಶೈರ್ ಕಚೇರಿಯ ಅಧೀನದಲ್ಲಿ ಅದು ಕೆಲಸ ಮಾಡುತ್ತಿತ್ತು. ಲಕೋಟೆಗೆ ಹಚ್ಚುತ್ತಿದ್ದುದು ನಮ್ಮ ಊರಿನಲ್ಲಿ ಹಚ್ಚುತ್ತಿದ್ದ ಅದೇ ಆಣೆಯ ಚೀಟಿ. 1933ರಿಂದೀಚೆಗೆ ಅದೇ ಭಾರತೀಯ ಚೀಟಿಗಳ ಮೇಲೆ 'ಬಹರೈನ್' ಎಂದು ಅಚ್ಚೊತ್ತಿ ಮಾರಿದರು. ಅಂಚೆಚೀಟಿ ಕೂಡಿಹಾಕುವ ನಮ್ಮ ಮಕ್ಕಳಿಗೆ ಇದು ಗೊತ್ತಿದೆ, ದೊಡ್ಡವರಿಗೆ ಗೊತ್ತಿಲ್ಲ. ದೇಶವಿಭಜನೆಯ ನಂತರ ಕೆಲವು ತಿಂಗಳು ಪಾಕಿಸ್ತಾನ, 1948ರ ಏಪ್ರಿಲ್ 1ರಿಂದ ಬ್ರಿಟನ್ ಈ ಅಂಚೆಯನ್ನು ನಡೆಸಿದವು. ಬಹರೈನಿನ ಸ್ವಂತ ಅಂಚೆ ಶುರುವಾದದ್ದು 1966ರಲ್ಲಿ.

ಅಂಚೆಯೊಂದೇ ಅಲ್ಲ, ಕಾನೂನೂ ಹಾಗೆಯೇ. 1913ರಲ್ಲಿ ಬ್ರಿಟಿಷ್ ದೊರೆ 'ಬಹರೈನ್ ಆರ್ಡರ್ ಇನ್ ಕೌನ್ಸಿಲ್' ಎಂಬ ಆಜ್ಞೆ ಹೊರಡಿಸಿದರು. 1919ರಲ್ಲಿ ಅದು ಜಾರಿಗೆ ಬಂತು. ಅದರ ಪ್ರಕಾರ ಇಲ್ಲಿದ್ದ ಬ್ರಿಟಿಷ್ ಪ್ರಜೆಗಳಿಗೆ, ಅಂದರೆ ನಮ್ಮ ಹಿಂದಿನ ತಲೆಮಾರಿನ ಭಾರತೀಯ ವರ್ತಕರಿಗೂ ಗುಮಾಸ್ತರಿಗೂ, ಭಾರತದ ದಂಡ ಸಂಹಿತೆಯೇ ಅನ್ವಯವಾಗುತ್ತಿತ್ತು. ನ್ಯಾಯ ಹೇಳುತ್ತಿದ್ದವರು ಪೊಲಿಟಿಕಲ್ ಏಜೆಂಟರು. 1971ರಲ್ಲಿ ಬಹರೈನ್ ಸ್ವತಂತ್ರವಾಗುವತನಕ ಆ ವ್ಯವಸ್ಥೆಯ ಒಂದಲ್ಲ ಒಂದು ರೂಪ ಉಳಿದಿತ್ತು. ಆದುದರಿಂದ ಈ ಲೇಖನದಲ್ಲಿ ನಾವು ಪದೇ ಪದೇ ಡೆಲ್ಲಿಗೂ ಬೆಂಗಳೂರಿಗೂ ಹೋಗಿಬರುವುದನ್ನು ಓದುಗರು ದಾರಿತಪ್ಪುವಿಕೆಯೆಂದು ತಿಳಿಯಬಾರದು. ಅಂದಿನ ಮನಾಮದ ಲಕೋಟೆಯ ಹಣೆಬರಹ ಬರೆದದ್ದು ಭಾರತದ ಕಾನೂನೇ.

ಆ ಕಾನೂನುಗಳು ಎರಡು. 1885ರ ಟೆಲಿಗ್ರಾಫ್ ಕಾಯಿದೆಯ 5ನೆಯ ಕಲಮು, ಮತ್ತು 1898ರ ಅಂಚೆ ಕಾಯಿದೆಯ 26ನೆಯ ಕಲಮು. ಎರಡರ ಸಾರಾಂಶ ಒಂದೇ: ಸಾರ್ವಜನಿಕ ತುರ್ತು ಸಂದರ್ಭ ಒದಗಿದರೆ ಅಥವಾ ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ, ಸರಕಾರವಾಗಲಿ ಸರಕಾರ ವಿಶೇಷವಾಗಿ ನೇಮಿಸಿದ ಅಧಿಕಾರಿಯಾಗಲಿ ತಂತಿಯನ್ನೂ ಕಾಗದವನ್ನೂ ತಡೆಹಿಡಿಯಬಹುದು. ಆ ಅಧಿಕಾರಿ ಎಷ್ಟು ದೊಡ್ಡವನಿರಬೇಕು? ಎಷ್ಟು ದಿನ ತಡೆಯಬಹುದು? ಓದಿದ ಮೇಲೆ ಆ ಪ್ರತಿಯನ್ನು ಏನು ಮಾಡಬೇಕು? ಇದಾವುದಕ್ಕೂ ಉತ್ತರವಿರಲಿಲ್ಲ. ಪರಕೀಯ ಸರಕಾರಕ್ಕೆ ಉತ್ತರ ಬೇಕಾಗಿಯೂ ಇರಲಿಲ್ಲ. ಆಶ್ಚರ್ಯವೆಂದರೆ, ಸ್ವಂತ ಸರಕಾರ ಬಂದ ಮೇಲೂ ಬಹಳ ವರ್ಷ ಯಾರಿಗೂ ಅದು ಬೇಕೆನಿಸಲಿಲ್ಲ.

ಬೇಕೆನಿಸಿದ ಮೊದಲಿಗರಲ್ಲಿ ಒಬ್ಬ ಉತ್ತರಪ್ರದೇಶದ ಖಡಕ್ ಸಿಂಗ್. ದರೋಡೆಯ ಆಪಾದನೆ ಬಂದು, ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆದರೂ ಪೋಲೀಸರು ಅವನ ಹೆಸರಿನಲ್ಲಿ ಒಂದು ಚರಿತ್ರೆಪಟ್ಟಿ ತೆರೆದರು. ನಮ್ಮ ಕಡೆ 'ರೌಡಿ ಶೀಟು' ಎನ್ನುವುದರ ಅಣ್ಣ ಎಂದಿಟ್ಟುಕೊಳ್ಳಿ. ರಾತ್ರಿ ಹೊತ್ತು ಮನೆಯ ಬಾಗಿಲು ಬಡಿದು ಎಬ್ಬಿಸುವುದು, ಊರು ಬಿಟ್ಟು ಹೋದರೆ ಹಿಂಬಾಲಿಸುವುದು, ಹೀಗೆ ನಡೆಯಿತು. 1962ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟಿನ ಆರು ಮಂದಿ ನ್ಯಾಯಮೂರ್ತಿಗಳು ರಾತ್ರಿಯ ಬಾಗಿಲು ಬಡಿತವನ್ನು ರದ್ದುಮಾಡಿದರು. ಆದರೆ ಖಾಸಗಿತನವೆಂಬ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲವೆಂದು ಬಹುಮತದವರು ಹೇಳಿಬಿಟ್ಟರು. ಇದೆ ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್. ಅದಕ್ಕೂ ಹಿಂದೆ, 1954ರಲ್ಲಿ, ಒಂದು ಕಂಪನಿಯ ಕಾಗದಪತ್ರಗಳ ಜಪ್ತಿಯ ಮೊಕದ್ದಮೆಯಲ್ಲಿ ಎಂಟು ಮಂದಿಯ ಪೀಠವೂ ಇಲ್ಲವೆಂದೇ ಹೇಳಿತ್ತು. ಈ ಎಂಟು ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 1986ರಲ್ಲಿ ರಾಜೀವ್ ಗಾಂಧಿಯವರ ಸರಕಾರ ಅಂಚೆ ಕಾಯಿದೆಗೆ ಒಂದು ತಿದ್ದುಪಡಿ ತಂದು, ಕಾಗದ ಒಡೆಯುವ ಅಧಿಕಾರವನ್ನು ಇನ್ನಷ್ಟು ಅಗಲ ಮಾಡಿತು. ಸಂಸತ್ತಿನ ಎರಡೂ ಸದನಗಳು ಒಪ್ಪಿದವು. ರಾಷ್ಟ್ರಪತಿ ಜೈಲ್ ಸಿಂಗರು ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಮಸೂದೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ 1987ರಲ್ಲಿ ಅಧಿಕಾರ ಬಿಟ್ಟು ಹೊರಟರು. ಅವರ ನಂತರ ಬಂದ ಆರ್. ವೆಂಕಟರಾಮನ್ ಅದನ್ನು ವಾಪಸು ಕಳಿಸಿದರು. ಅದು ಕಾನೂನಾಗಲೇ ಇಲ್ಲ. ಭಾರತದ ರಾಷ್ಟ್ರಪತಿಯೊಬ್ಬರು ಮಸೂದೆಯೊಂದನ್ನು ಹೀಗೆ ಸುಮ್ಮನಿದ್ದು ತಡೆದ ಪ್ರಸಂಗ ಬಹು ಅಪರೂಪದ್ದು, ಮತ್ತು ಅದು ಬಡವರ ಕಾಗದದ ಸಲುವಾಗಿ ನಡೆಯಿತೆಂಬುದು ನಮಗೆ ಇಂದಿಗೂ ಸಮಾಧಾನದ ಸಂಗತಿ. ಆಗ ಗಲ್ಫಿನಿಂದ ಹೋಗುವ ಬರುವ ಕಾಗದಗಳ ರಾಶಿಯನ್ನು ನೆನೆಸಿಕೊಂಡರೆ, ಆ ಸಹಿಯಾಗದ ಸಹಿ ನಮಗೂ ಸೇರಿದ್ದೇ.

ಎರಡು ವರ್ಷ ಕಳೆಯಿತು. 1988ರ ಆಗಸ್ಟು. ಊರಿನಲ್ಲಿ ಮಳೆ, ಇಲ್ಲಿ ಮೈಸುಡುವ ಸೆಖೆ. ಶಾರ್ಟ್‌ವೇವ್ ರೇಡಿಯೋದ ಗೊರಗೊರದ ನಡುವೆ ಕೇಳಿದ ಸುದ್ದಿಯನ್ನು ನಾವು ಮೊದಲು ನಂಬಲಿಲ್ಲ. ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು! ಮಂಗಳೂರಿನಿಂದ ಬಂದವರು ತಂದ, ನಾಲ್ಕು ದಿನ ಹಳೆಯದಾದ ಪತ್ರಿಕೆ ಕೈಯಿಂದ ಕೈಗೆ ಹೋಗಿ ಚಿಂದಿಯಾಯಿತು. 1983ರಿಂದ ಕರ್ನಾಟಕದ ಮುಖ್ಯಮಂತ್ರಿ, 'ಮೌಲ್ಯಾಧಾರಿತ ರಾಜಕಾರಣ' ಎಂಬ ಮಾತನ್ನು ಮನೆಮಾತು ಮಾಡಿದವರು, ಅಧಿಕಾರಸ್ಥರ ಮೇಲಿನ ದೂರು ಕೇಳಲು ಲೋಕಾಯುಕ್ತವನ್ನು ತಂದವರು. ಅಂಥವರ ಆಡಳಿತದಲ್ಲಿ ಸುಮಾರು ಐವತ್ತು ಮಂದಿಯ ಟೆಲಿಫೋನುಗಳನ್ನು ಕದ್ದು ಕೇಳಲಾಗಿತ್ತೆಂಬ ಪಟ್ಟಿ ಹೊರಬಿತ್ತು. ಪಟ್ಟಿಯಲ್ಲಿ ರಾಜಕಾರಣಿಗಳು, ಅವರಲ್ಲಿ ಹೆಗಡೆಯವರ ಸ್ವಪಕ್ಷದವರೂ ಇದ್ದರು. ತಾವು ಅಂಥ ಆದೇಶ ಕೊಟ್ಟಿಲ್ಲವೆಂದೇ ಹೆಗಡೆಯವರು ಹೇಳಿದರು. ಆದರೂ ನೈತಿಕ ಹೊಣೆ ಹೊತ್ತು ಆಗಸ್ಟ್ 10ರಂದು ಹೊರಬಂದರು. 13ರಂದು ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ಅಂದು ನಮ್ಮಲ್ಲಿ ಎರಡು ಪಂಗಡವಾಯಿತು. "ಎಲ್ಲ ಸರಕಾರಗಳೂ ಕೇಳುತ್ತವೆ, ಸಿಕ್ಕಿಬಿದ್ದವರು ಇವರೊಬ್ಬರು" ಎಂದು ಒಂದು ಕಡೆ. "ಬೇಲಿಯೇ ಹೊಲ ಮೇಯ್ದ ಹಾಗಾಯಿತು" ಎಂದು ಇನ್ನೊಂದು ಕಡೆ. ಕಾಗದ ಒಡೆಯುವ ಮಸೂದೆ ತಂದ ಅದೇ ಕೇಂದ್ರದ ಪಕ್ಷವೇ ಟೆಲಿಫೋನಿನ ವಿಷಯದಲ್ಲಿ ಹೆಗಡೆಯವರ ಮೇಲೆ ಮುಗಿಬಿದ್ದದ್ದನ್ನು ಕಂಡು ನಗುವವರು ನಕ್ಕರು. ಆದರೆ ಈಗ ಹಿಂದಿರುಗಿ ನೋಡಿದರೆ ನಮ್ಮನ್ನು ಕಾಡುವುದು ಬೇರೆಯೇ ಪ್ರಶ್ನೆ. ಮುಖ್ಯಮಂತ್ರಿ ಆದೇಶ ಕೊಡಲಿಲ್ಲ, ಸರಿ, ನಂಬೋಣ. ಹಾಗಾದರೆ ಕೊಟ್ಟವರಾರು? ಕಾನೂನಿನ ಪ್ರಕಾರ ರಾಜ್ಯ ಸರಕಾರವಾಗಲಿ ಅದು ವಿಶೇಷವಾಗಿ ಅಧಿಕಾರ ಕೊಟ್ಟ ಅಧಿಕಾರಿಯಾಗಲಿ ಕೊಡಬಹುದಿತ್ತು. ಆ ಅಧಿಕಾರಿ ಯಾರಿಗೆ ಲೆಕ್ಕ ಒಪ್ಪಿಸಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಒಂದು ರಾಜ್ಯದ ಮುಖ್ಯಮಂತ್ರಿ ತನಗೇ ಗೊತ್ತಿಲ್ಲದ ಕದ್ದಾಲಿಕೆಗಾಗಿ ಕುರ್ಚಿ ಬಿಡಬೇಕಾಯಿತೆಂದರೆ, ಹೆಸರಿಲ್ಲದ ಸಾಮಾನ್ಯನ ಪಾಡೇನು?

ಆ ಖಾಲಿ ಜಾಗವನ್ನು ತುಂಬಿದ್ದು 1996ರಲ್ಲಿ, ಮತ್ತೆ ಡಿಸೆಂಬರ್ 18ರಂದೇ. ರಾಜಕಾರಣಿಗಳ ಟೆಲಿಫೋನು ಕದ್ದಾಲಿಕೆಯ ಬಗ್ಗೆ ಸಿಬಿಐ ಸಿದ್ಧಪಡಿಸಿದ್ದ ವರದಿಯೊಂದನ್ನು 1991ರಲ್ಲಿ 'ಮೇನ್‌ಸ್ಟ್ರೀಮ್' ಎಂಬ ವಾರಪತ್ರಿಕೆ ಪ್ರಕಟಿಸಿತ್ತು. ಅದನ್ನು ಹಿಡಿದುಕೊಂಡು ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಕದ್ದಾಲಿಕೆ ಬೇಡವೆಂದು ಕೋರ್ಟು ಹೇಳಲಿಲ್ಲ. 1885ರಿಂದ ಅಂದಿನವರೆಗೆ, 111 ವರ್ಷ, ಅದನ್ನು ಹೇಗೆ ಮಾಡಬೇಕೆಂಬ ನಿಯಮವನ್ನೇ ಸರಕಾರ ಮಾಡಿಲ್ಲವಲ್ಲ ಎಂದಿತು, ತಾನೇ ಮಾಡಿಕೊಟ್ಟಿತು. ಆದೇಶಕ್ಕೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಸಹಿ ಬೇಕು. ಬೇರೆ ದಾರಿಯಿಂದ ಆ ಮಾಹಿತಿ ಸಿಗುವುದೋ ಎಂದು ಮೊದಲು ವಿಚಾರಿಸಬೇಕು. ಆದೇಶದ ಆಯುಷ್ಯ ಎರಡು ತಿಂಗಳು, ಮುಂದುವರಿಸಿದರೂ ಆರು ತಿಂಗಳು ಮೀರಕೂಡದು. ಎರಡು ತಿಂಗಳೊಳಗೆ ಒಂದು ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಕೆಲಸ ಮುಗಿದ ಮೇಲೆ ಪ್ರತಿಗಳನ್ನು ನಾಶಮಾಡಬೇಕು. ಸಮಿತಿಯಲ್ಲಿ ಇರುವವರೂ ಸರಕಾರಿ ಕಾರ್ಯದರ್ಶಿಗಳೇ, ನ್ಯಾಯಾಧೀಶರಲ್ಲ ಎಂಬ ಕೊರತೆ ಉಳಿಯಿತು. ಅದು ಸಣ್ಣ ಕೊರತೆಯೆಂದು ನಮಗೆ ತೋರುವುದಿಲ್ಲ. 2019ರ ಆಗಸ್ಟಿನಲ್ಲಿ ಕರ್ನಾಟಕದಲ್ಲಿ ಪುನಃ ಟೆಲಿಫೋನು ಕದ್ದಾಲಿಕೆಯ ಗುಲ್ಲೆದ್ದು, ತನಿಖೆ ಸಿಬಿಐಗೆ ಹೋಯಿತು. ನಿಯಮಗಳು ಬಂದು ಆಗಲೇ 23 ವರ್ಷವಾಗಿತ್ತು.

ಟೆಲಿಫೋನಿನ ಕತೆ ಹೀಗಾದರೆ, ಮನಸ್ಸಿನೊಳಕ್ಕೇ ಕೈಹಾಕುವ ಕತೆ ಬೆಂಗಳೂರಿನಲ್ಲಿ ನಡೆಯಿತು. ಆಪಾದಿತರಿಗೆ ಮಂಪರು ಮದ್ದು ಚುಚ್ಚಿ ಬಾಯಿಬಿಡಿಸುವ ಪರೀಕ್ಷೆಗೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು. ಛಾಪಾ ಕಾಗದದ ಹಗರಣದ ತೆಲಗಿಯ ಪರೀಕ್ಷೆಯ ಟೇಪನ್ನು ಟೆಲಿವಿಷನ್ನಿನಲ್ಲಿ ನಾವೆಲ್ಲ ಇಲ್ಲಿ ಕುಳಿತು ನೋಡಿದ್ದೇವೆ. ನೋಡಬಾರದಾಗಿತ್ತು, ಆದರೂ ನೋಡಿದೆವು. ತನಿಖೆಗೆಂದು ಸಂಗ್ರಹಿಸಿದ್ದು ಊಟದ ಹೊತ್ತಿನ ಮನರಂಜನೆಯಾಗಿತ್ತು. 2010ರ ಮೇ 5ರಂದು, 'ಸೆಲ್ವಿ ಮತ್ತು ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡಕೂಡದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಇಷ್ಟು ಓದಿದ ಮೇಲೆ, ಪೋಲೀಸರೆಂದರೆ ಇಣುಕುವವರು, ನಾವೆಲ್ಲ ಇಣುಕಿಸಿಕೊಂಡವರು ಎಂಬ ಭಾವನೆ ಬಂದೀತು. ಅದು ಸರಿಯಲ್ಲ. ಗೋವೆಯ ಪ್ರಸಂಗವನ್ನು ನೋಡಿ. 2013ರ ಜನವರಿಯಲ್ಲಿ ವಾಸ್ಕೋದ ಶಾಲೆಯೊಂದರಲ್ಲಿ ಏಳು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರ ನಡೆಯಿತು. ತನಿಖೆ ಸಿಬಿಐ ಕೈಗೆ ಬಂತು. ಬೆರಳಚ್ಚು ಇದೆ, ಬೆರಳು ಯಾರದೆಂದು ಗೊತ್ತಿಲ್ಲ. ಆಗ ಸಿಬಿಐ ಆಧಾರ್ ಸಂಸ್ಥೆಯ ಕಡೆ ತಿರುಗಿತು: ಗೋವೆಯಲ್ಲಿ ನೋಂದಾಯಿಸಿದ ಎಲ್ಲರ ಬೆರಳಚ್ಚುಗಳನ್ನು ಕೊಡಿ, ತಾಳೆ ನೋಡುತ್ತೇವೆ. ಕೆಳಗಿನ ಕೋರ್ಟು ಕೊಡಿರೆಂದಿತು. ಆಧಾರ್ ಸಂಸ್ಥೆ ಒಪ್ಪದೆ ಮೇಲಕ್ಕೆ ಹೋಯಿತು. 2014ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ತಡೆದು, ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನ ಬೆರಳಚ್ಚನ್ನು ಯಾರಿಗೂ ಕೊಡಕೂಡದೆಂದು ಆಜ್ಞೆಮಾಡಿತು.

ನಾವು ಈ ಪ್ರಸಂಗವನ್ನು ನಮ್ಮ ಶುಕ್ರವಾರದ ಹರಟೆಯಲ್ಲಿ ಮುಂದಿಟ್ಟಾಗ ತಾಯಂದಿರೆಲ್ಲರೂ ಒಂದೇ ದನಿಯಲ್ಲಿ, "ಕೊಡಬೇಕಾಗಿತ್ತು" ಎಂದರು. ಆ ಮಾತಿಗೆ ಎದುರು ಹೇಳುವ ಧೈರ್ಯ ಗಂಡಸರಿಗಿರಲಿಲ್ಲ. ನಮಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮಗುವಿಗಾಗಿ ಒಂದು ರಾಜ್ಯದ ಬೆರಳುಗಳನ್ನೆಲ್ಲ ತೆರೆದರೆ ತಪ್ಪೇನು? ತಪ್ಪು ಇಷ್ಟೇ ಎಂದು ನಮಗೆ ಕಡೆಗೆ ಹೊಳೆಯಿತು: ಪಡಿತರಕ್ಕೂ ಪಿಂಚಣಿಗೂ ಎಂದು ಹೇಳಿ ಪಡೆದ ಹೆಬ್ಬೆಟ್ಟನ್ನು, ಕೊಟ್ಟವನಿಗೆ ಹೇಳದೆ, ಅಪರಾಧಿಗಳ ಸಾಲಿಗೆ ಇಟ್ಟು ತಾಳೆ ನೋಡುವುದು. ಭಾರತದಲ್ಲಿ ಪೋಲೀಸರ ಬೆರಳಚ್ಚು ಕಚೇರಿ 1897ರಷ್ಟು ಹಿಂದೆ ಕಲಕತ್ತೆಯಲ್ಲಿ ಆರಂಭವಾಯಿತು. 1920ರ ಕಾಯಿದೆ ಖೈದಿಗಳ ಗುರುತು ಪಡೆಯಲು ಅನುಮತಿ ಕೊಟ್ಟಿತು. ಅಲ್ಲಿ ಹೆಬ್ಬೆಟ್ಟು ಒತ್ತುವವನಿಗೆ ಏಕೆ ಒತ್ತುತ್ತಿದ್ದೇನೆಂದು ಗೊತ್ತಿತ್ತು. ಆ ಕಾಯಿದೆಯ ಜಾಗಕ್ಕೆ ಬಂದ 2022ರ ಕಾನೂನು ಕಣ್ಣಿನ ಪಾಪೆಯ ಗುರುತನ್ನೂ ಸೇರಿಸಿ, ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಎಪ್ಪತ್ತೈದು ವರ್ಷ! ನಮ್ಮ ಲಕೋಟೆ ಇನ್ನೂ ಐವತ್ತು ಮುಟ್ಟಿಲ್ಲ.

ಆಧಾರ್ ಎಂದೊಡನೆ ಕನ್ನಡಿಗರು ನೆನೆಯಬೇಕಾದವರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು, 1986ರಲ್ಲಿ ನಿವೃತ್ತರಾದರು. ಮೊಮ್ಮಕ್ಕಳೊಡನೆ ಆಡಿಕೊಂಡಿರಬೇಕಾದ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಸಂಸತ್ತಿನ ಕಾನೂನೇ ಇಲ್ಲದೆ ಜನರ ಬೆರಳಚ್ಚು ಸಂಗ್ರಹಿಸುವುದು ಹೇಗೆಂದು ಸುಪ್ರೀಂ ಕೋರ್ಟಿಗೆ ದಾವೆ ಹಾಕಿದರು. ಸರಕಾರದ ಕಡೆಯ ವಕೀಲರು 1954 ಮತ್ತು 1962ರ ತೀರ್ಪುಗಳನ್ನು ತೆಗೆದು, ಖಾಸಗಿತನವೆಂಬ ಹಕ್ಕೇ ಇಲ್ಲವಲ್ಲ ಎಂದರು. ಎಂಟು ಮಂದಿ ಹೇಳಿದ್ದನ್ನು ಅಳಿಸಬೇಕಾದರೆ ಒಂಬತ್ತು ಮಂದಿ ಕೂಡಬೇಕು. ಕೂಡಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಸುಬ್ಬರಾಯರ ಭಿನ್ನಮತಕ್ಕೆ 55 ವರ್ಷದ ನಂತರ ಜಯವಾಯಿತು. ಹಾಗೆಂದು ಪೋಲೀಸರ ಕೈ ಕಟ್ಟಲಿಲ್ಲ. ಸರಕಾರ ಖಾಸಗಿತನದೊಳಕ್ಕೆ ಕಾಲಿಡಬಹುದು. ಆದರೆ ಅದಕ್ಕೆ ಒಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಕಾಲಿಡಬೇಕು, ಇಲಿಗಾಗಿ ಮನೆ ಸುಡಬಾರದು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದ ತೀರ್ಪಿನಲ್ಲಿಯೂ, ದೇಶದ ಭದ್ರತೆಯ ಹೆಸರಿನಲ್ಲಿ ಜಂಟಿ ಕಾರ್ಯದರ್ಶಿಯೊಬ್ಬರೇ ಮಾಹಿತಿ ಬಿಡುಗಡೆ ಮಾಡಿಸಬಹುದೆಂಬ ಕಲಮನ್ನು ಕೋರ್ಟು ಕಿತ್ತುಹಾಕಿತು. ಮತ್ತೆ ಅದೇ ಪ್ರಶ್ನೆ ನೋಡಿ: ಸಹಿ ಯಾರದು? ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆ ಸುದ್ದಿಗೆ ನಮ್ಮ ವಾಟ್ಸಾಪು ಗುಂಪಿನಲ್ಲಿ ಬಿದ್ದ ನಮಸ್ಕಾರಗಳು ಆರೋ ಏಳೋ. ಅದೇ ದಿನ ಹಂಚಿಕೊಂಡ ಹೋಳಿಗೆಯ ಫೋಟೋಗೆ ನಲವತ್ತು.

ಮೊಬೈಲ್ ಫೋನಿನ ಬೀಗದ ಪ್ರಶ್ನೆಗೂ ಉತ್ತರ ಹುಡುಕಲು ಹೊರಟದ್ದು ನಮ್ಮ ಕರ್ನಾಟಕ ಹೈಕೋರ್ಟೇ. 2020ರ ಮಾದಕ ವಸ್ತು ಪ್ರಕರಣದ ಆಪಾದಿತನೊಬ್ಬ ಫೋನಿನ ಗುಪ್ತಪದ ಹೇಳಲು ಒಪ್ಪದಿದ್ದಾಗ, 2021ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ತೀರ್ಪು ಬರೆದರು. ಫೋನು ತೆರೆಯುವುದೆಂದರೆ ಮನೆ ಶೋಧಿಸಿದ ಹಾಗೆ, ಸಾಧಾರಣವಾಗಿ ಅದಕ್ಕೆ ಕೋರ್ಟಿನ ವಾರಂಟು ಬೇಕು. ತನಿಖೆಗಾಗಿ ನೋಡಿದರೆ ಖಾಸಗಿತನದ ಭಂಗವಾಗದು; ನೋಡಿದ್ದನ್ನು ಹೊರಗಿನವರಿಗೆ ಹಂಚಿದರೆ ಆಗುತ್ತದೆ. ತೆಲಗಿಯ ಟೇಪನ್ನು ನೋಡಿದ ನಮಗೆ ಈ ಕಡೆಯ ಮಾತು ಚೆನ್ನಾಗಿ ತಾಗಿತು.

ಇನ್ನು ನಾವು ಅನ್ನ ಉಣ್ಣುವ ಈ ನಾಡು. ಅತಿಥಿಗಳಾದ ನಾವು ಇಲ್ಲಿನ ವ್ಯವಸ್ಥೆಯ ಬಗ್ಗೆ ಪಾಠ ಹೇಳುವುದು ಸಲ್ಲದು, ತಿಳಿದುಕೊಂಡಿರುವುದು ಮಾತ್ರ ಅವಶ್ಯ. ಬಹರೈನಿನ 2002ರ ಸಂವಿಧಾನದ 26ನೆಯ ವಿಧಿ ಅಂಚೆ, ತಂತಿ, ದೂರವಾಣಿ ಮತ್ತು ಇಲೆಕ್ಟ್ರಾನಿಕ್ ವ್ಯವಹಾರದ ಗೌಪ್ಯತೆಗೆ ಭರವಸೆ ಕೊಟ್ಟು, ಕಾನೂನು ಹೇಳಿದ ಅಗತ್ಯ ಸಂದರ್ಭಗಳನ್ನು ಮಾತ್ರ ಹೊರಗಿಡುತ್ತದೆ. ಭಾರತದ ಅಂಚೆ ಕಾಯಿದೆಯ 26ನೆಯ ಕಲಮು ಕಾಗದ ಒಡೆಯುವುದಕ್ಕೆ, ಇಲ್ಲಿಯ 26ನೆಯ ವಿಧಿ ಒಡೆಯದಿರುವುದಕ್ಕೆ. ಸಂಖ್ಯೆಗಳ ಈ ಆಟ ಬರಿಯ ಆಕಸ್ಮಿಕ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2018ರ 30ನೆಯ ಕಾನೂನು ಬಂದು, 2019ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಭಾರತ ಅಂಥದೊಂದು ಕಾಯಿದೆ ಮಾಡಿದ್ದು 2023ರಲ್ಲಿ. ಅಂಗಡಿ, ಬ್ಯಾಂಕು, ಆಸ್ಪತ್ರೆಗಳು ನಮ್ಮ ವಿವರಗಳನ್ನು ಏನು ಮಾಡಬಹುದೆಂದು ಎರಡೂ ವಿಸ್ತಾರವಾಗಿ ಹೇಳುತ್ತವೆ. ರಾಷ್ಟ್ರದ ಭದ್ರತೆಯ ಕೆಲಸಕ್ಕೆ ಎರಡೂ ವಿನಾಯಿತಿ ಕೊಡುತ್ತವೆ.

2020ರ ಕೊರೋನಾ ಕಾಲ ಎಲ್ಲರಿಗೂ ನೆನಪಿದೆ. 'ಬಿಅವೇರ್ ಬಹರೈನ್' ಎಂಬ ಆ್ಯಪು ಫೋನಿನಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರಿಗೆ ಕೈಗೊಂದು ಇಲೆಕ್ಟ್ರಾನಿಕ್ ಕಡಗ. ಆ ವರ್ಷ ಜೂನಿನಲ್ಲಿ ಆಮ್ನೆಸ್ಟಿ ಸಂಸ್ಥೆ ಬಹರೈನ್, ಕುವೈತ್ ಮತ್ತು ನಾರ್ವೆಯ ಆ್ಯಪುಗಳು ಜನರ ಓಡಾಟವನ್ನು ಅತಿಯಾಗಿ ಹಿಂಬಾಲಿಸುತ್ತವೆಂದು ಆಕ್ಷೇಪಿಸಿತು. ನಾರ್ವೆ ತನ್ನದನ್ನು ನಿಲ್ಲಿಸಿತು. ಆಗ ನಾವಿಲ್ಲಿ ಆಕ್ಷೇಪಿಸಲಿಲ್ಲ. ಪಕ್ಕದ ಫ್ಲಾಟಿನಲ್ಲಿ ಕೆಮ್ಮು ಕೇಳಿಸಿದರೆ ನಾವೇ ಕಿವಿ ನಿಮಿರಿಸುತ್ತಿದ್ದೆವು. ಹೆದರಿದಾಗ ಮನುಷ್ಯ ಕಾವಲುಗಾರನನ್ನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ.

ಹೆದರಿಕೆಯಿಲ್ಲದಾಗಲೂ ನಮ್ಮ ಎಚ್ಚರ ಅಷ್ಟಕ್ಕಷ್ಟೇ. ನಮ್ಮ ಸಿಪಿಆರ್ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಹುಟ್ಟಿದ ವರ್ಷ ಮತ್ತು ತಿಂಗಳು. ವಯಸ್ಸು ಮುಚ್ಚಿಡುವ ನಮ್ಮ ಸೋದರಿಯರು ಇದನ್ನು ಗಮನಿಸಿದ್ದಾರೋ ಇಲ್ಲವೋ. ಅದರ ನಕಲನ್ನು ನಾವು ಮದುವೆಯ ಆಮಂತ್ರಣದಂತೆ ಕೇಳಿದವರಿಗೆಲ್ಲ ಹಂಚುತ್ತೇವೆ. ಸಂಘದ ಸದಸ್ಯತ್ವದ ಅರ್ಜಿಗಳನ್ನೂ ನಾವು ಬಹುಕಾಲ ತೆರೆದ ಕಪಾಟಿನಲ್ಲಿಯೇ ಇಟ್ಟಿದ್ದೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಈಗ ಬೀಗ ಹಾಕಿಸಿದ್ದೇವೆ. ಬೀಗದ ಕೈ ಯಾರ ಹತ್ತಿರ ಇರಬೇಕೆಂಬ ಬಗ್ಗೆ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಭೆ ಚರ್ಚೆ ನಡೆದು, ಇನ್ನೂ ತೀರ್ಮಾನವಾಗಿಲ್ಲ.

1898ರ ಅಂಚೆ ಕಾಯಿದೆ ಈಗಿಲ್ಲ. 2023ರ ಹೊಸ ಅಂಚೆ ಕಾಯಿದೆ 2024ರ ಜೂನ್ 18ರಿಂದ ಅದರ ಜಾಗಕ್ಕೆ ಬಂದಿದೆ. ಹಳೆಯದರ 26ನೆಯ ಕಲಮು ಹೊಸದರಲ್ಲಿ 9ನೆಯದಾಗಿದೆ. ಸಹಿ ಮಾಡುವ ಅಧಿಕಾರಿ ಯಾರೆಂಬುದನ್ನು ಕೇಂದ್ರ ಸರಕಾರ ಅಧಿಸೂಚನೆಯಿಂದ ಹೇಳಬಹುದೆಂದು ಅದರಲ್ಲಿ ಬರೆದಿದೆ. ನಮ್ಮ ಬಿಳಿ ಲಕೋಟೆಯನ್ನು ನಾವು ಮತ್ತೆ ಸೂಟ್‌ಕೇಸಿನಲ್ಲಿಯೇ ಇಟ್ಟಿದ್ದೇವೆ. ಅಂಟುಕಾಗದ ಹಳದಿಯಾಗಿದೆ. ಅದರ ಮೇಲೆ ಸಹಿಯಿಲ್ಲ, ತಾರೀಖಿಲ್ಲ, ಮುದ್ರೆಯೂ ಇಲ್ಲ.